ಕತ್ತಲೆಗೂ ಕಾರಣ ಬೇಡವೆ?

ತೆರೆಯ ಮೇಲೆ ಕತ್ತಲೆ ಕವಿದೊಡನೆ ಚಿತ್ರಕ್ಕೆ ಗಾಂಭೀರ್ಯ ಪ್ರಾಪ್ತವಾಗುವುದೆಂಬ ನಂಬಿಕೆಯೊಂದು ಈಚೆಗೆ ನಮ್ಮ ಚಿತ್ರರಂಗದಲ್ಲಿ ಬೇರೂರಿದೆ. ‘ಕೆ.ಜಿ.ಎಫ್’ (2018) ಚಿತ್ರದ ಗಣಿಯ ಕಥೆಗೆ ಮಸಿಯ ಬಣ್ಣ ಸಹಜವಾಗಿಯೇ ಒಪ್ಪಿತು. ಅದರ ಬೆನ್ನು ಹಿಡಿದವರ ಕೈಯಲ್ಲಿ ಮದುವೆಯ ಮನೆಯೂ ಗಣಿಯಾಗಿಬಿಟ್ಟಿದೆ.

ಈ ಛಾಯಾಮೋಹದ ಮೂಲವನ್ನರಸಿ ಹೊರಟರೆ, 1905ರಲ್ಲಿ ಡ್ರೆಸ್ಡೆನ್ ನಗರದ ನಾಲ್ವರು ವಾಸ್ತುಶಿಲ್ಪ ವಿದ್ಯಾರ್ಥಿಗಳು ‘ಡೀ ಬ್ರ್ಯೂಕೆ’ ಎಂಬ ಕೂಟ ಕಟ್ಟಿ, ಕಣ್ಣಿಗೆ ಕಂಡದ್ದಕ್ಕಿಂತ ಮನಸ್ಸಿಗೆ ತಟ್ಟಿದ್ದನ್ನು ಬರೆಯುವುದೇ ಚಿತ್ರಕಾರನ ಧರ್ಮವೆಂದು ಬಗೆದ ಅಭಿವ್ಯಕ್ತಿವಾದದ ಬಳಿಗೆ ಬಂದು ನಿಲ್ಲುತ್ತೇವೆ. ಅದೇ ವಾದವನ್ನು ತೆರೆಗೆ ತಂದ ಜರ್ಮನಿಯ 1920ರ ‘ಡಾ. ಕ್ಯಾಲಿಗರಿ’ ಮೂಕಿಚಿತ್ರದಲ್ಲಿ ಗೋಡೆಗಳೆಲ್ಲ ವಕ್ರ, ನೆರಳುಗಳು ಸಹ ಬಣ್ಣದಲ್ಲಿ ಬಳಿದವು. ಕಥೆ ಹೇಳುವವನೋ ಹುಚ್ಚಾಸ್ಪತ್ರೆಯ ನಿವಾಸಿ. ಸೊಟ್ಟಗಾದದ್ದು ಊರಲ್ಲ, ಅವನ ಚಿತ್ತ.

1934ರಲ್ಲಿ ಹಿಮಾಂಶು ರಾಯ್ ಸ್ಥಾಪಿಸಿದ ಬಾಂಬೆ ಟಾಕೀಸ್ ಚಿತ್ರಸಂಸ್ಥೆಗೆ ನಿರ್ದೇಶಕ ಫ್ರಾಂಜ್ ಆಸ್ಟೆನ್, ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ಮೊದಲಾದವರು ಬಂದಾಗ ಜರ್ಮನಿಯ ಬೆಳಕಿನ ಪಾಠವೂ ಜೊತೆಗೆ ಬಂದಿತು. ಅಂಥ ಪಾಠವನ್ನು ಅರಗಿಸಿಕೊಂಡವರಲ್ಲಿ ಅಗ್ರಗಣ್ಯರು ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು. ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ಇವರು, ಅದೇ ಬೆಂಗಳೂರಿನಲ್ಲಿ ಜನಿಸಿದ ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದ ಬರಿದಾದ ಸ್ಟುಡಿಯೋದ ದೃಶ್ಯಕ್ಕೆ, ದೀಪದ ಬೆಳಕು ಅಗಲವಾಗಿ ಹರಡಿಬಿಡುವುದೆಂದರಿತು, ಎರಡು ದೊಡ್ಡ ಕನ್ನಡಿಗಳನ್ನಿರಿಸಿ ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದರು. ಆ ಬಿಸಿಲುಕೋಲಿನ ಆಚೆಗೊಬ್ಬರು ಈಚೆಗೊಬ್ಬರು ನಿಂತ ಪ್ರೇಮಿಗಳಿಗೆ ಮಾತಿನ ಅಗತ್ಯವೇ ಬೀಳಲಿಲ್ಲ. ಚಿತ್ರ ಸೋತಿತು, ಅದು ಬೇರೆಯ ಮಾತು; ಫಾಲ್ಕೆ ಪ್ರಶಸ್ತಿ ಮೊತ್ತಮೊದಲಿಗೆ ಒಬ್ಬ ಛಾಯಾಗ್ರಾಹಕನಿಗೆ ಸಂದದ್ದು, 2008ರ ಸಾಲಿನಲ್ಲಿ, ಮೂರ್ತಿಯವರಿಗೇ.

ಚಿತ್ರದುರ್ಗ ಜಿಲ್ಲೆಯ ಐಮಂಗಲದ ನಮ್ಮಂಥವರಿಗೆ ಇಲ್ಲಿ ‘ನಾಗರಹಾವು’ (1972) ನೆನಪಾಗದೆ ಇರದು. ತ.ರಾ.ಸು. ಅವರ ಕಥೆಗೆ ಪುಟ್ಟಣ್ಣ ಕಣಗಾಲರು ದುರ್ಗದ ಕೋಟೆಯ ಬಂಡೆಗಳನ್ನು ಆರಿಸಿಕೊಂಡದ್ದು ಬರಿಯ ಹಿನ್ನೆಲೆಗಾಗಿ ಅಲ್ಲ. ನಾಯಕ ರಾಮಾಚಾರಿಯ ಹಟ, ಒರಟುತನ, ಬಾಗದ ಅಭಿಮಾನ ಎಲ್ಲವೂ ಆ ಕಲ್ಲಿನಲ್ಲಿ ಆಗಲೇ ಮೂರ್ತಿವೆತ್ತು ನಿಂತಿದ್ದವು. ಇದನ್ನು ಜರ್ಮನಿಯ ಋಣವೆಂದು ಬರೆದಿಡುವಷ್ಟು ಆತುರ ನನಗಿಲ್ಲ. ಆದರೆ ಹೊರಗಿನ ಲೋಕವು ಒಳಗಿನ ಕ್ಷೋಭೆಯನ್ನು ಹೊರಬೇಕೆಂಬ ನ್ಯಾಯ ಎರಡೂ ಕಡೆ ಒಂದೇ. ಇಂದು ಅದೇ ಕೋಟೆಯ ಮೇಲೆ ಡ್ರೋನ್ ಹಾರಿಸಿ ಏಳು ಸುತ್ತನ್ನೂ ಒಂದೇ ನೋಟದಲ್ಲಿ ತೋರುವವರ ಚಿತ್ರಗಳಲ್ಲಿ ಬಂಡೆಗಳು ಯಾರ ಮನಸ್ಸನ್ನೂ ಹೊರುವುದಿಲ್ಲ.

ಐಮಂಗಲದಿಂದ ದಿನವೂ ಬಸ್ಸು ಹತ್ತಿ ದುರ್ಗದ ಕಾಲೇಜುಗಳಿಗೆ ಹೋಗುವ ಮಕ್ಕಳಲ್ಲಿ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುವವರು ಹಲವರುಂಟು. ಒಂದೂಕಾಲು ಗಂಟೆಯ ‘ಕ್ಯಾಲಿಗರಿ’ಯನ್ನೂ ‘ನಾಗರಹಾವ’ನ್ನೂ ಒಂದೇ ದಿನ ಅವರಿಗೆ ತೋರಿಸುವ ಏರ್ಪಾಟನ್ನು ಕಾಲೇಜುಗಳು ಮಾಡಬಾರದೇಕೆ? ಖರ್ಚು ಹೆಚ್ಚಿನದಲ್ಲ, ಒಂದು ಪರದೆ, ಒಂದು ಪ್ರೊಜೆಕ್ಟರು, ಒಬ್ಬ ಆಸಕ್ತ ಮೇಷ್ಟರು ಇದ್ದರಾಯಿತು.