ಮನೆಬಾಗಿಲಿಗೆ ಬಂದ ಪರೀಕ್ಷೆ ಊಟದ ತಟ್ಟೆಗೂ ಬರಲಿ

2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾಗಿ 2025ರಲ್ಲಿ ಇತರ ಜಿಲ್ಲೆಗಳಿಗೂ ವಿಸ್ತರಿಸಿದ ರಾಜ್ಯ ಸರ್ಕಾರದ 'ಗೃಹ ಆರೋಗ್ಯ' ಯೋಜನೆ, 30 ವರ್ಷ ದಾಟಿದವರ ಸಕ್ಕರೆ ಕಾಯಿಲೆಯನ್ನು ಮನೆಬಾಗಿಲಲ್ಲೇ ಪತ್ತೆಹಚ್ಚಲು ಹೊರಟಿದೆ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜಿಸಿರುವಾಗ ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಒಂದು ಪರೀಕ್ಷೆ ರೋಗದ ಸುಳಿವು ನೀಡೀತೇ ಹೊರತು, ಏನು ಉಣ್ಣಬೇಕೆಂದು ತಿಳಿಸದು.

ರಾಯಚೂರು ಜಿಲ್ಲೆಯ ಮಲ್ಲಟದ ಸೀಮೆಯನ್ನೇ ನೋಡೋಣ. ಕರಾವಳಿಯ ನಮಗೆ ಕುಚಲಕ್ಕಿ ಗಂಜಿ ಹೇಗೋ ಅಲ್ಲಿಯವರಿಗೆ ಜೋಳದ ರೊಟ್ಟಿ ಹಾಗೆ. ತುಂಗಭದ್ರಾ, ನಾರಾಯಣಪುರ ಕಾಲುವೆಗಳು ಜಿಲ್ಲೆಗೆ ಭತ್ತ ತಂದವು. 2013ರಲ್ಲಿ ಅನ್ನಭಾಗ್ಯ ಬಂತು. ಹಸಿವು ನೀಗಿತು, ಜೊತೆಗೆ ತಟ್ಟೆಯಲ್ಲಿ ಅನ್ನವೂ ಹೆಚ್ಚಿತು. ಹಾಗೆಂದು ರೊಟ್ಟಿಯನ್ನು ಮಿತಿಯಿಲ್ಲದೆ ತಿನ್ನಬಹುದೇ? ಅದರಲ್ಲೂ ಪಿಷ್ಟವಿದೆ. ಯಾರಿಗೆ ಎಷ್ಟು ಎಂಬುದನ್ನು ಅವರವರ ರಕ್ತವೇ ಹೇಳಬೇಕು.

ಕೇಳುವ ವಿಧಾನ ಸರಳ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಯ ಬಳಿಕ ಇನ್ನೊಮ್ಮೆ ಪರೀಕ್ಷಿಸಬೇಕು. ಅಮೆರಿಕದ ಮಧುಮೇಹ ಸಂಘದ ಪ್ರಕಾರ ಬಹುತೇಕ ವಯಸ್ಕ ಮಧುಮೇಹಿಗಳಿಗೆ ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180ಕ್ಕಿಂತ ಕಡಿಮೆ ಇರಬೇಕು. ವೃದ್ಧರಿಗೆ ವೈದ್ಯರು ಈ ಗುರಿ ಸಡಿಲಿಸಬಹುದು. ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಚೆನ್ನಾಗಿದ್ದು, ಊಟದ ನಂತರ ಏರುವವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ಪಡೆದು, ಹೊಲದ ಕೆಲಸದಲ್ಲಿ ಊಟ ತಡಮಾಡುವ ಕೂಲಿಕಾರರಿಗೆ ಅಪಾಯ ಇನ್ನೊಂದು ಬಗೆಯದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೂಡಲೇ ಸಕ್ಕರೆ ನೀರು ಕುಡಿಯಬೇಕು.

ವಿಪರ್ಯಾಸವೆಂದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತವಾಗಿ ಸಿಕ್ಕರೂ ಮನೆಯ ಪರೀಕ್ಷೆಗೆ ಬೇಕಾದ ಸ್ಟ್ರಿಪ್ ಸಾಮಾನ್ಯವಾಗಿ ರೋಗಿಯ ಸ್ವಂತ ಖರ್ಚು. ದಿನಗೂಲಿಯವರು ಅದನ್ನು ಎಷ್ಟೆಂದು ಕೊಂಡಾರು? ಮಾತ್ರೆಯಲ್ಲೇ ನಿಯಂತ್ರಣದಲ್ಲಿರುವ ಎಲ್ಲರಿಗೂ ನಿತ್ಯ ಪರೀಕ್ಷೆ ಬೇಕಿಲ್ಲ. ಹೊಸದಾಗಿ ರೋಗ ಪತ್ತೆಯಾದವರಿಗೆ ಮೂರು ಊಟ, ಆರು ಸ್ಟ್ರಿಪ್ ಸಾಕು: ಒಂದು ದಿನ ರೊಟ್ಟಿ, ಒಂದು ದಿನ ಅನ್ನ, ಒಂದು ದಿನ ಅರ್ಧ ಅನ್ನದೊಂದಿಗೆ ಹೆಚ್ಚು ಪಲ್ಯ, ಬೇಳೆ. ಚುಚ್ಚುವ ಸೂಜಿಯನ್ನು ಮಾತ್ರ ಒಬ್ಬರದನ್ನು ಇನ್ನೊಬ್ಬರು ಬಳಸಕೂಡದು.

ಮನೆಬಾಗಿಲಿಗೆ ಬರುವ ಸಿಬ್ಬಂದಿ ಈ ಆರು ಸ್ಟ್ರಿಪ್‌ಗಳನ್ನೂ ಅರ್ಧ ಗಂಟೆಯ ಪಾಠವನ್ನೂ ನೀಡುವಂತಾದರೆ ಯೋಜನೆ ಸಾರ್ಥಕವಾದೀತು. 'ನಿಮಗೆ ಸಕ್ಕರೆ ಇದೆ' ಎಂದು ಹೇಳಿ ಹೊರಟುಹೋಗುವುದು ಆರೈಕೆಯಾಗದು ಎಂಬುದು ನಮ್ಮ ಅನಿಸಿಕೆ.