ಹಾಡಿಗೆ ಅಂಜುವ ಆಳ್ವಿಕೆ

ಶಾಲೆಯಲ್ಲಿ ಹಾಡೂ ನಾಟಕವೂ ಏತಕ್ಕೆ, ಪಾಠವೊಂದೇ ಸಾಲದೇ ಎಂದು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆಯ ಕೆಲವು ಪಾಲಕರು ನಮ್ಮನ್ನು ಕೇಳುವುದುಂಟು. ಹೆಣ್ಣುಮಕ್ಕಳು ರಂಗವನ್ನೇರುವುದು ತರವೇ ಎಂದು ಶಂಕಿಸುವವರೂ ಉಂಟು. ಅವರಿಗೆ ನಮ್ಮ ವಿನಯಪೂರ್ವಕವಾದ ಉತ್ತರವಿಷ್ಟೇ: ಹಾಡು ನಿಷ್ಪ್ರಯೋಜಕವಾಗಿದ್ದರೆ ದಬ್ಬಾಳಿಕೆಯ ಸರ್ಕಾರಗಳು ಅದಕ್ಕೆ ಅಂಜುತ್ತಿರಲಿಲ್ಲ.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಮಂಗಳೂರಿನಲ್ಲಿ ಜನಿಸಿದ ಪಂಡಿತ ತಾರಾನಾಥರು (1891–1942) 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದರು. ಪರರ ನೋವಿನಲ್ಲಿ ಪಾಲುಗೊಳ್ಳುವವನೆಂಬುದೇ ಆ ಹೆಸರಿನ ಅರ್ಥ. ಅವರು ವೈದ್ಯರು, ಸಂಗೀತ ಬಲ್ಲವರು, ‘ದೀನಬಂಧು ಕಬೀರ’ವೆಂಬ ನಾಟಕವನ್ನು ರಚಿಸಿದವರು. ನೇಕಾರನಾದ ಕಬೀರನು ಹಿಂದೂ ಮುಸಲ್ಮಾನರೆಂಬ ಭೇದವನ್ನು ಎಣಿಸದವನು. ಆಗ ಈ ಸೀಮೆ ನಿಜಾಮ ಸಂಸ್ಥಾನಕ್ಕೆ ಸೇರಿದ್ದಿತು. ಆಡಳಿತದ ಭಾಷೆ ಉರ್ದು. ಕನ್ನಡ ಶಾಲೆಗೆ ಪ್ರೋತ್ಸಾಹವಿಲ್ಲ. ಸಾರ್ವಜನಿಕ ಸಭೆಗೆ ಅಪ್ಪಣೆ ಬೇಕು. ಅಂಥ ಕಾಲದಲ್ಲಿ ತಾರಾನಾಥರು ಸರ್ಕಾರದ ಅವಕೃಪೆಗೆ ಪಾತ್ರರಾಗಿ ಸಂಸ್ಥಾನವನ್ನೇ ಬಿಡಬೇಕಾಯಿತು. ತುಂಗಭದ್ರೆಯ ಆಚೆ ದಡವು ಮದರಾಸು ಪ್ರಾಂತ. ಅಲ್ಲಿ ಅವರು ಪ್ರೇಮಾಯತನ ಆಶ್ರಮವನ್ನು ಕಟ್ಟಿ, ವೈದ್ಯವನ್ನೂ ವಿದ್ಯೆಯನ್ನೂ ಕಲೆಯನ್ನೂ ಮುಂದುವರಿಸಿದರು. ಅವರ ಪುತ್ರರಾದ ರಾಜೀವ ತಾರಾನಾಥರು (1932–2024) ಸರೋದ್ ವಾದನದಿಂದ ಲೋಕಪ್ರಸಿದ್ಧರಾದರು.

ಕಲಾವಿದರಿಗೆ ಇಂಥ ಸಂಕಟವು ದೂರದ ಯುರೋಪಿನಲ್ಲಿಯೂ ಒದಗಿತು. ಅಲ್ಲಿ ಆಪರೆಟ್ಟಾ ಎಂಬ ಲಘುವಾದ ಸಂಗೀತ ನಾಟಕವು ಜನಪ್ರಿಯವಾಗಿದ್ದಿತು. 1938ರಲ್ಲಿ ಹಿಟ್ಲರನು ಆಸ್ಟ್ರಿಯಾವನ್ನು ನುಂಗಿದಾಗ, ವಿಯೆನ್ನಾದ ಯೆಹೂದಿ ಸಂಗೀತಕಾರ ಕಾಲ್ಮಾನ್ ದೇಶವನ್ನು ಬಿಟ್ಟು ಕಡೆಗೆ ಅಮೆರಿಕವನ್ನು ಸೇರಿದರು. ಹಿಟ್ಲರನಿಗೆ ಅಚ್ಚುಮೆಚ್ಚಿನವರಾದ ಲೆಹಾರ್ ಅಲ್ಲಿಯೇ ಉಳಿದರು. ಅವರ ಪತ್ನಿ ಯೆಹೂದಿ ಮನೆತನದವರು, ಆಕೆಯ ಪ್ರಾಣವುಳಿಯಿತು. ಆದರೆ ಲೆಹಾರರ ನಾಟಕಗಳಿಗೆ ಹಾಡು ಬರೆದುಕೊಟ್ಟ ಲೋನರ್-ಬೇಡಾ 1942ರಲ್ಲಿ ಆಷ್‌ವಿಟ್ಸ್ ಶಿಬಿರದಲ್ಲಿ ಮಡಿದರು. ದೊರೆಯ ಮೆಚ್ಚುಗೆಯಿಂದ ಕಲಾವಿದನ ಮನೆ ಉಳಿಯಬಹುದು. ಅವನ ಒಡನಾಡಿಗಳು ಉಳಿಯುವರೆಂಬ ಭರವಸೆಯಿಲ್ಲ.

ಆದುದರಿಂದ ಹೊಳೆಯನ್ನು ದಾಟಿದವರನ್ನು ಅಂಜಿ ಓಡಿದವರೆಂದು ನಾವು ಎಣಿಸಲಾರೆವು. ಹಾಡನ್ನು ಮಾರದೆ ಉಳಿಸಿಕೊಳ್ಳುವುದಕ್ಕೂ ಧೈರ್ಯ ಬೇಕು. ಒಬ್ಬರ ದನಿಗೆ ಮತ್ತೊಬ್ಬರು ದನಿಗೂಡಿಸುವುದನ್ನೂ, ಪರರ ದುಃಖವನ್ನು ತನ್ನದೆಂದು ಅಭಿನಯಿಸುವುದನ್ನೂ ಕಲಿತ ಹುಡುಗಿಯನ್ನು ದ್ವೇಷದ ಮಾತಿನಿಂದ ಮರುಳುಗೊಳಿಸುವುದು ಸುಲಭವಲ್ಲ. ದಬ್ಬಾಳಿಕೆಯ ಅಂಜಿಕೆಯೂ ಇದೇ, ನಮ್ಮ ಆಶೆಯೂ ಇದೇ.

1948ರ ಸೆಪ್ಟೆಂಬರಿನಲ್ಲಿ ಈ ನಾಡು ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಈಗ ನಮ್ಮ ಹುಡುಗಿಯರು ಹಾಡುವುದಕ್ಕೆ ಯಾವ ದೊರೆಯ ಅಪ್ಪಣೆಯೂ ಬೇಕಿಲ್ಲ. ಮನೆಯವರ ಅಪ್ಪಣೆಯೊಂದೇ ಬೇಕಾಗಿದೆ. ಪಾಲಕರು ಅದನ್ನು ಸಂತೋಷದಿಂದ ದಯಪಾಲಿಸಲಿ. ಹಳೆಯ ವಿದ್ಯಾರ್ಥಿನಿಯರು ತಾವು ಇಲ್ಲಿ ಕಲಿತ ಹಾಡುಗಳನ್ನು ತಮ್ಮ ಮಕ್ಕಳಿಗೆ ಕಲಿಸಲಿ. ಇದೇ ನಮ್ಮ ಬಿನ್ನಹ.