ನನ್ನದಲ್ಲದ ಪತ್ರ

ನನ್ನ ಹೆಸರಿನವರು ನಮ್ಮ ಕಾಲೇಜಿನಲ್ಲೇ ಮೂವರಿದ್ದೇವೆ. ಹಾಜರಿ ಕರೆಯುವಾಗ ಸರ್ ಹೆಸರಿನ ಜೊತೆ ಊರನ್ನೂ ಸೇರಿಸುತ್ತಾರೆ. ಇಲ್ಲದಿದ್ದರೆ ಮೂವರೂ ಒಟ್ಟಿಗೆ ‘ಎಸ್ ಸರ್’ ಅನ್ನುತ್ತೇವೆ. ದುಮ್ಮವಾಡದ ಒಂದು ಕಾಲೇಜಿನಲ್ಲೇ ಮೂವರಾದರೆ ಇಡೀ ದೇಶದಲ್ಲಿ ಎಷ್ಟು ಜನ ಇರಬಹುದು? ಇದು ನನಗೆ ಹೊಳೆದದ್ದು ಇ-ಮೇಲ್ ಖಾತೆ ತೆರೆದ ಮೇಲೆ.

ಖಾತೆಯನ್ನು ಅಣ್ಣ ಮಾಡಿಕೊಟ್ಟಿದ್ದ. ಮೊದಲು ಹೆಸರು, ಆಮೇಲೆ ಮನೆತನದ ಹೆಸರು, ಕೊನೆಗೆ 786. ನಮ್ಮಲ್ಲಿ ಅರ್ಧ ಜನರ ವಿಳಾಸ ಹೀಗೇ ಇರುತ್ತದೆ, ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿಂದ ಶುರುವಾಯಿತು. ಯಾರದೋ ಮೊಬೈಲ್ ಬಿಲ್ಲು, ಯಾರದೋ ಮಗುವಿನ ಶಾಲೆಯ ಫೀ ರಸೀದಿ, ಒಮ್ಮೆ ಯಾರದೋ ರಕ್ತ ಪರೀಕ್ಷೆಯ ವರದಿ. ಆ ವರದಿಯನ್ನು ನಾನು ಪೂರ್ತಿ ಓದಿದೆ. ಓದಬಾರದಿತ್ತು. ನನ್ನದೇ ಹೆಸರಿನ, 52 ವರ್ಷದ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂಬುದು ಅವರ ನೆರೆಯವರಿಗೂ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತಾಯಿತು.

ಇದು ಜಿಮೇಲಿನ ತಪ್ಪೇನೋ ಎಂದು ಮೊದಲು ಅಂದುಕೊಂಡಿದ್ದೆ. ಅಲ್ಲ. ಒಂದು ವಿಳಾಸವನ್ನು ಅದು ಇಬ್ಬರಿಗೆ ಕೊಡುವುದಿಲ್ಲ. ಹೆಸರಿನ ನಡುವೆ ಹಾಕುವ ಚುಕ್ಕೆಯನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚುಕ್ಕೆ ಇಟ್ಟರೂ ಬಿಟ್ಟರೂ ಪತ್ರ ಸೇರುವುದು ಅದೇ ಪೆಟ್ಟಿಗೆಗೆ. ನನಗೆ ಬೇರೆಯವರ ಪತ್ರ ಬರುತ್ತಿದೆ ಅಂದರೆ ಎಲ್ಲೋ ಒಂದು ಅರ್ಜಿಯಲ್ಲಿ ಅವರೋ, ಅವರ ಪರವಾಗಿ ಬರೆದವರೋ ಒಂದಕ್ಷರ ಅಥವಾ ಒಂದಂಕಿ ತಪ್ಪಿಸಿದ್ದಾರೆ.

ಕಳೆದ ವರ್ಷ ಬಂದ ಒಂದು ಪತ್ರ ಮಾತ್ರ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಅದು ಪುಣೆಯ ಒಂದು ಕಂಪನಿಯದು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಂದರ್ಶನ, ಮೂಲ ದಾಖಲೆಗಳೊಂದಿಗೆ ಬನ್ನಿ ಎಂದಿತ್ತು. ಬಂದದ್ದು ಗುರುವಾರ, ನಾನು ನೋಡಿದ್ದು ಶನಿವಾರ. ಏನು ಮಾಡಲಿ ಎಂದು ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದೆ. ಹತ್ತು ನಿಮಿಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಉತ್ತರ! ‘ಡಿಲೀಟ್ ಹೊಡಿ ಬಿಡಲೇ’ ಅಂದರು ಕೆಲವರು. ‘ನೀನೇ ಹೋಗಿ ಬಾ, ಹೆಸರು ನಿಂದೇ ಐತಲ್ಲ’ ಅಂದ ಒಬ್ಬ. ‘ಉತ್ತರ ಕೊಟ್ಟರೆ ಬ್ಯಾಂಕಿನ ರೊಕ್ಕ ಪೂರಾ ಹೋಗ್ತಾವ’ ಅಂದ ಇನ್ನೊಬ್ಬ, ಅದಕ್ಕೆ ಒಂಬತ್ತು ಲೈಕು. ಒಬ್ಬ ಗೆಳತಿ ಮಾತ್ರ, ‘ಕಳಿಸಿದವರಿಗೆ ತಪ್ಪು ವಿಳಾಸ ಅಂತ ಎರಡು ಸಾಲು ಬರಿ, ಲಿಂಕ್ ಒತ್ತಬ್ಯಾಡ’ ಎಂದು ಬರೆದಿದ್ದಳು. ಅದಕ್ಕೆ ಯಾರೂ ಲೈಕು ಕೊಡಲಿಲ್ಲ. ನಾನೂ ಆಗ ಗಮನಿಸಲಿಲ್ಲ, ಒಂಬತ್ತು ಲೈಕಿನ ಉತ್ತರವನ್ನೇ ನಂಬಿದೆ.

ಸಿಕ್ಕವರನ್ನೆಲ್ಲ ಕೇಳಿದರೆ ಹೀಗೇ ಆಗುತ್ತದೆ. 2021ರ ಜೂನ್ ತಿಂಗಳು ನಿಮಗೆ ನೆನಪಿರಬಹುದು. ಭಾರತದ ಅತಿ ಕುರೂಪದ ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಹುಡುಕಿದರೆ ‘ಕನ್ನಡ’ ಎಂದು ದಪ್ಪಕ್ಷರದಲ್ಲಿ ಬರುತ್ತಿತ್ತು. ಯಾರೋ ಎಲ್ಲೋ ಬರೆದಿಟ್ಟ ಒಂದು ಸಾಲನ್ನು ಯಂತ್ರ ಎತ್ತಿ ಮೇಲಿಟ್ಟಿತ್ತು, ಅಷ್ಟೇ. ಕರ್ನಾಟಕವೆಲ್ಲ ಸಿಟ್ಟಿಗೆದ್ದಿತು, ಸರ್ಕಾರ ನೋಟಿಸ್ ಕೊಡುತ್ತೇವೆ ಅಂದಿತು, ಗೂಗಲ್ ಅದನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಸಿಟ್ಟು ಸರಿಯಾದದ್ದೇ. ಆದರೆ ಅವತ್ತು ಸಿಟ್ಟಾದ ನಾವೇ, ಕೈ ಕಾಲಿಲ್ಲದ ಉತ್ತರವನ್ನು ಮೇಲೆ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ದಿನಾ ನಂಬುತ್ತೇವೆ.

ಭಾನುವಾರ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಆ ಎರಡು ಸಾಲು ಬರೆದೆ. ಮಂಗಳವಾರ ಉತ್ತರ ಬಂತು. ತಿಳಿಸಿದ್ದಕ್ಕೆ ಧನ್ಯವಾದ, ಅಭ್ಯರ್ಥಿ ಬರಲಿಲ್ಲ, ಕೆಲಸವನ್ನು ಬೇರೆಯವರಿಗೆ ಕೊಟ್ಟೆವು ಎಂದಿತ್ತು. ಕರೆಯೇ ಬರಲಿಲ್ಲ ಎಂದು ಆ ಮನುಷ್ಯ ಇನ್ನೂ ಅಂದುಕೊಂಡಿರಬಹುದು. ಕರೆ ಬಂದಿತ್ತು, ನನ್ನ ಫೋನಿನಲ್ಲಿ ಎರಡು ದಿನ ಮಲಗಿತ್ತು.

ಕಾಗದದ ಪತ್ರದ ವಿಷಯದಲ್ಲಿ ನಮ್ಮ ಹಿರಿಯರಿಗೆ ಇಷ್ಟು ಗೊಂದಲ ಇರಲಿಲ್ಲ. ಒಂದೇ ಹೆಸರಿನ ಊರುಗಳು, ಒಂದೇ ಹೆಸರಿನ ಜನ, ಹತ್ತಾರು ಭಾಷೆಗಳ ಕೈಬರಹ. ಪತ್ರಗಳು ದಾರಿ ತಪ್ಪುತ್ತಿದ್ದವು ಎಂದೇ 1972ರ ಆಗಸ್ಟ್ 15ರಂದು ಆರು ಅಂಕಿಯ ಪಿನ್‌ಕೋಡ್ ಬಂತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಆಗಿದ್ದರು. ಪಿನ್‌ಕೋಡ್ ಇದ್ದೂ ತಪ್ಪಿ ಬಂದರೆ ನನ್ನ ಅಜ್ಜ ಕವರಿನ ಮೇಲೆ ‘ಇವರು ಇಲ್ಲಿ ಇಲ್ಲ’ ಎಂದು ಬರೆದು ಅಂಚೆಯಣ್ಣನ ಕೈಗೆ ವಾಪಸ್ ಕೊಡುತ್ತಿದ್ದರಂತೆ. ಒಡೆಯುತ್ತಿರಲಿಲ್ಲ. ತಪ್ಪಿ ಬಂದ ಪತ್ರವನ್ನು ಬೇಕೆಂದೇ ಇಟ್ಟುಕೊಳ್ಳುವುದು 1898ರ ಅಂಚೆ ಕಾಯ್ದೆಯಲ್ಲಿ ಅಪರಾಧವೇ ಆಗಿತ್ತು. ಅಜ್ಜನಿಗೆ ಕಾಯ್ದೆ ಗೊತ್ತಿರಲಿಲ್ಲ. ಅವರು ಅದನ್ನು ಅಮಾನತ್ ಅನ್ನುತ್ತಿದ್ದರು. ಕನ್ನಡ ಪತ್ರಿಕೆಯಲ್ಲಿ ‘ಅಮಾನತು’ ಅಂದರೆ ಯಾರನ್ನೋ ಕೆಲಸದಿಂದ ತೆಗೆದಿಟ್ಟಿದ್ದಾರೆ ಅಂತ. ನಮ್ಮ ಮನೆ ಮಾತಿನಲ್ಲಿ ಅದು ನಂಬಿ ಕೈಗಿಟ್ಟ ವಸ್ತು. ಇ-ಮೇಲ್ ಅನ್ನು ಯಾರೂ ನನ್ನನ್ನು ನಂಬಿ ಕೈಗಿಟ್ಟಿಲ್ಲ, ಒಪ್ಪುತ್ತೇನೆ. ತಪ್ಪಿ ಬಂದದ್ದು. ಆದರೂ ಕೈಯಲ್ಲಿರುವುದು ನನ್ನದೇ ಅಲ್ಲವೇ?

‘ಒಬ್ಬ ಉತ್ತರ ಬರೆದರೆ ಏನಾಗುತ್ತದೆ’ ಎಂದು ಕೇಳುವವರಿಗೆ ದೊಡ್ಡವರ ಒಂದು ಕಥೆ ಹೇಳುತ್ತೇನೆ. ಅಮೆರಿಕದ ಸೇನೆಯ ವಿಳಾಸಗಳು ‘ಎಂಐಎಲ್’ ಎಂದು ಮುಗಿಯುತ್ತವೆ, ಆಫ್ರಿಕಾದ ಮಾಲಿ ದೇಶದವು ‘ಎಂಎಲ್’ ಎಂದು. ನಡುವಿನ ಒಂದು ‘ಐ’ ಬಿಟ್ಟರೆ ಸೇನೆಯ ಪತ್ರ ಮಾಲಿಗೆ ಹೋಗುತ್ತದೆ. ಮಾಲಿಯ ವಿಳಾಸಗಳನ್ನು ನೋಡಿಕೊಳ್ಳುತ್ತಿದ್ದ ಡಚ್ ಪ್ರಜೆ ಯೋಹಾನೆಸ್ ಜೂರ್‌ಬಿಯರ್ ವರ್ಷಗಟ್ಟಲೆ ಅಮೆರಿಕಕ್ಕೆ ಎಚ್ಚರಿಕೆ ಕೊಟ್ಟರು. 2023ರ ಜನವರಿಯಿಂದ ಆರೇಳು ತಿಂಗಳಲ್ಲೇ ಅವರ ಬಳಿ ಸುಮಾರು 1,17,000 ಪತ್ರಗಳು ಸೇರಿದ್ದವು. ವೈದ್ಯಕೀಯ ವಿವರ, ನಕ್ಷೆ, ಅಧಿಕಾರಿಗಳ ಪ್ರಯಾಣದ ಮಾಹಿತಿ ಎಲ್ಲ ಇತ್ತು. ಮಾರಿಕೊಳ್ಳಬಹುದಿತ್ತು. ಆತ ಮಾಡಿದ್ದು ಹೇಳುತ್ತಲೇ ಇದ್ದದ್ದು. ಕೇಳಿಸಿಕೊಳ್ಳದಿದ್ದದ್ದು ಅವರ ತಪ್ಪು.

ಮೋಸದ ಭಯವೂ ಸುಳ್ಳಲ್ಲ. ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ಮೋಸದ ಪತ್ರಕ್ಕೆ ನಿಮ್ಮಿಂದ ಏನೋ ಬೇಕಿರುತ್ತದೆ: ಒಟಿಪಿ, ರೊಕ್ಕ, ಒಂದು ಕ್ಲಿಕ್ಕು, ಅದೂ ಈಗಲೇ. ದಾರಿ ತಪ್ಪಿದ ಪತ್ರಕ್ಕೆ ನಿಮ್ಮಿಂದ ಸಾಮಾನ್ಯವಾಗಿ ಏನೂ ಬೇಕಿರುವುದಿಲ್ಲ, ಅದು ಬೇರೆ ಯಾರನ್ನೋ ಮಾತಾಡಿಸುತ್ತಿರುತ್ತದೆ. ಗೊತ್ತಾಗದಿದ್ದರೆ ಏನನ್ನೂ ಒತ್ತದೆ ಕಂಪ್ಯೂಟರ್ ಲ್ಯಾಬಿನಲ್ಲಿ ತೋರಿಸಿ.

ಇಷ್ಟು ಹೊತ್ತು ನಾನು ಪಡೆದವನ ಕಡೆಯಿಂದ ಬರೆದೆ. ಕಳೆದುಕೊಂಡವರು ನಮ್ಮ ಮನೆಯಲ್ಲೂ ಇದ್ದಾರೆ. ದೊಡ್ಡಪ್ಪನ ಮಗಳು ನರ್ಸಿಂಗ್ ಸೀಟಿಗೆ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಿದ್ದಳು. ಅವಳಿಗೆ ಇ-ಮೇಲ್ ಇರಲಿಲ್ಲ, ಸೆಂಟರಿನವರು ತಮ್ಮದನ್ನೇ ಹಾಕಿದರು. ಕೆಟ್ಟ ಉದ್ದೇಶವೇನಿಲ್ಲ, ಸರತಿಯಲ್ಲಿ ಇನ್ನೂ ಹತ್ತು ಜನ ನಿಂತಿದ್ದರು. ಸೀಟು ಸಿಕ್ಕಿತು ಎಂಬ ಸುದ್ದಿ ಆ ಪೆಟ್ಟಿಗೆಗೆ ಬಂದಾಗ ಸೆಂಟರಿಗೆ ಮದುವೆಯ ಸಲುವಾಗಿ ಮೂರು ದಿನ ಬೀಗ. ಫೀ ಕಟ್ಟುವ ದಿನ ದಾಟಿಹೋಯಿತು. ಅವಳು ಒಂದು ವರ್ಷ ಮನೆಯಲ್ಲಿದ್ದು ಹೊಲಿಗೆ ಕಲಿತಳು.

ದ್ವಿತೀಯ ಪಿಯುಸಿಯ ನಾವು ಇನ್ನು ಕೆಲವೇ ತಿಂಗಳಲ್ಲಿ ಸಿಇಟಿ, ನೀಟ್, ಸ್ಕಾಲರ್‌ಶಿಪ್ ಅರ್ಜಿ ತುಂಬುವವರು. ನಮ್ಮ ಕ್ಲಾಸಿನಲ್ಲಿ ಎಷ್ಟು ಜನರ ಪಾಸ್‌ವರ್ಡ್ ಬೇರೆಯವರ ವಹಿಯಲ್ಲಿದೆ? ಕೈ ಎತ್ತಿ ಎಂದರೆ ಅರ್ಧ ಕ್ಲಾಸು ಎತ್ತುತ್ತದೆ. ಪ್ರಾಚಾರ್ಯರಲ್ಲಿ ನನ್ನ ಕೋರಿಕೆ ಒಂದೇ: ಅರ್ಜಿಗಳ ಕಾಲ ಶುರುವಾಗುವ ಮೊದಲು ಪ್ರತಿ ವಿಭಾಗಕ್ಕೂ ಲ್ಯಾಬಿನಲ್ಲಿ ಒಂದು ಪಿರಿಯಡ್ ಕೊಡಿ. ಪ್ರತಿಯೊಬ್ಬರೂ ತಮ್ಮದೇ ಖಾತೆ ತೆರೆಯಲಿ, ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಲಿ, ಪಕ್ಕದವರಿಗೆ ಒಂದು ಪತ್ರ ಕಳುಹಿಸಿ ಬಂತಾ ಎಂದು ಕೇಳಲಿ. ದುಡ್ಡಿನ ಖರ್ಚಿಲ್ಲ. ಹೆಣ್ಣುಮಕ್ಕಳ ವಿಭಾಗದಿಂದಲೇ ಶುರು ಮಾಡಿದರೆ ಒಳ್ಳೆಯದು. ಅವರ ಅರ್ಜಿಗಳಲ್ಲೇ ಅಣ್ಣಂದಿರ, ಮಾವಂದಿರ ವಿಳಾಸ ಹೆಚ್ಚು.

ಮೊನ್ನೆ ಮತ್ತೊಂದು ಬಂದಿದೆ. ಯಾರೋ ಒಬ್ಬರ ರೈಲು ಟಿಕೆಟ್ಟು, ಜೊತೆಗೆ ಇಬ್ಬರು ಮಕ್ಕಳು, ಮುಂದಿನ ವಾರದ ಪ್ರಯಾಣ. ಕಳುಹಿಸಿದ ಏಜೆಂಟರಿಗೆ ಅವತ್ತೇ ಎರಡು ಸಾಲು ಬರೆದೆ. ಉತ್ತರ ಇನ್ನೂ ಬಂದಿಲ್ಲ. ಇವತ್ತು ಸಂಜೆ ಅದರಲ್ಲಿರುವ ಏಜೆಂಟರ ನಂಬರಿಗೆ ಫೋನ್ ಮಾಡಬೇಕು.